ಹನ್ನೊಂದರಲ್ಲಿ ಒಂದು: ಮಧುಗಿರಿ ಮಕ್ಕಳ ರಾಜ್ಯ ಮಟ್ಟದ ದಾರಿ

ಕಂದಾಯ ಇಲಾಖೆಯ ಲೆಕ್ಕದಲ್ಲಿ ಮಧುಗಿರಿ ಎಂದರೆ ತುಮಕೂರು ಜಿಲ್ಲೆಯ ಹತ್ತು ತಾಲ್ಲೂಕುಗಳಲ್ಲಿ ಒಂದು, ಉಪವಿಭಾಗಾಧಿಕಾರಿ ಕಚೇರಿ ಇರುವ ಊರು. ಶಿಕ್ಷಣ ಇಲಾಖೆಯ ಲೆಕ್ಕವೇ ಬೇರೆ. ಅಲ್ಲಿ ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ಸೇರಿ ಪ್ರತ್ಯೇಕ ಶೈಕ್ಷಣಿಕ ಜಿಲ್ಲೆ. ಅದಕ್ಕೊಬ್ಬ ಉಪನಿರ್ದೇಶಕರು, ಎಸ್‌ಎಸ್‌ಎಲ್‌ಸಿ ಫಲಿತಾಂಶದ ಪಟ್ಟಿಯಲ್ಲಿ ತನ್ನದೇ ಸಾಲು, ವಿಭಾಗ ಮಟ್ಟದ ಕಬಡ್ಡಿ, ಕೊಕ್ಕೊ, ವಾಲಿಬಾಲ್‌ಗೆ ತನ್ನದೇ ತಂಡ.

ಈ ತಂಡದ ಸುತ್ತ ಒಂದು ಪ್ರಶ್ನೆ ಇದೆ. ರಾಜ್ಯ ಮಟ್ಟದ ಕಣದಲ್ಲಿ ಎಷ್ಟು ತಂಡಗಳಿರಬೇಕು, ಅವು ಎಲ್ಲೆಲ್ಲಿಂದ ಬರಬೇಕು? ಜಗತ್ತಿನ ದೊಡ್ಡ ಕ್ರೀಡಾ ಮಂಡಳಿಗಳು ಇದೇ ಪ್ರಶ್ನೆಗೆ ಕೋಟಿಗಟ್ಟಲೆ ಹಣದ ಲೆಕ್ಕ ಹಾಕಿ ಉತ್ತರ ಹುಡುಕುತ್ತಿವೆ. ನಮ್ಮ ಶಾಲಾ ಕ್ರೀಡಾಕೂಟದಲ್ಲಿ ಮಾತ್ರ ಇದನ್ನು ಯಾರೂ ಪ್ರಶ್ನೆ ಎಂದೇ ಪರಿಗಣಿಸಿಲ್ಲ.

ಮೊದಲು ನಕ್ಷೆ ನೋಡೋಣ. ರಾಜ್ಯದಲ್ಲಿ 31 ಕಂದಾಯ ಜಿಲ್ಲೆಗಳಿವೆ, ಶೈಕ್ಷಣಿಕ ಜಿಲ್ಲೆಗಳು 35. ಬೆಂಗಳೂರು ನಗರ ಉತ್ತರ, ದಕ್ಷಿಣ ಎಂದು ಒಡೆದಿದೆ. ಬೆಳಗಾವಿಯಿಂದ ಚಿಕ್ಕೋಡಿ, ಉತ್ತರ ಕನ್ನಡದಿಂದ ಶಿರಸಿ, ತುಮಕೂರಿನಿಂದ ಮಧುಗಿರಿ ಬೇರೆಯಾಗಿವೆ. ಈ 35 ಜಿಲ್ಲೆಗಳು ಬೆಂಗಳೂರು, ಮೈಸೂರು, ಬೆಳಗಾವಿ, ಕಲಬುರಗಿ ಎಂಬ ನಾಲ್ಕು ವಿಭಾಗಗಳಲ್ಲಿ ಹಂಚಿಹೋಗಿವೆ. ಗುಂಪು ಆಟಗಳಲ್ಲಿ ತಾಲ್ಲೂಕು ಗೆದ್ದ ಶಾಲೆ ಜಿಲ್ಲೆಗೆ, ಜಿಲ್ಲೆ ಗೆದ್ದದ್ದು ವಿಭಾಗಕ್ಕೆ, ವಿಭಾಗ ಗೆದ್ದದ್ದು ರಾಜ್ಯಕ್ಕೆ ಹೋಗುವುದು ಸಾಮಾನ್ಯ ಪದ್ಧತಿ. ಅಂದರೆ ಕೊನೆಗೆ ಉಳಿಯುವುದು ವಿಭಾಗಕ್ಕೊಂದರಂತೆ ನಾಲ್ಕು ತಂಡ.

ಒಬ್ಬೊಬ್ಬರಿಗೆ ಒಂದೊಂದು ಎಂದಾಗ ಸಮಪಾಲು ಎನಿಸುವುದು ಸಹಜ. ಆದರೆ ಪಾಲು ಕೇಳುವವರ ಸಂಖ್ಯೆ ಎಲ್ಲ ಕಡೆ ಒಂದೇ ಅಲ್ಲ. ಬೆಂಗಳೂರು ವಿಭಾಗದಲ್ಲಿ ಬೆಂಗಳೂರು ಉತ್ತರ, ದಕ್ಷಿಣ, ಗ್ರಾಮಾಂತರ, ರಾಮನಗರ, ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು, ಮಧುಗಿರಿ, ಚಿತ್ರದುರ್ಗ, ದಾವಣಗೆರೆ, ಶಿವಮೊಗ್ಗ ಹೀಗೆ ಹನ್ನೊಂದು ಶೈಕ್ಷಣಿಕ ಜಿಲ್ಲೆಗಳಿವೆ. ಬೆಳಗಾವಿಯಲ್ಲಿ ಒಂಬತ್ತು, ಮೈಸೂರಿನಲ್ಲಿ ಎಂಟು, ಕಲಬುರಗಿಯಲ್ಲಿ ಏಳು. ಕೊರಟಗೆರೆಯ ಶಾಲೆಯೊಂದು ರಾಜ್ಯ ಮಟ್ಟ ತಲುಪಬೇಕಾದರೆ ವಿಭಾಗದಲ್ಲಿ ಹನ್ನೊಂದರಲ್ಲಿ ಒಂದಾಗಬೇಕು. ಯಾದಗಿರಿಯ ಶಾಲೆಗೆ ಏಳರಲ್ಲಿ ಒಂದಾದರೆ ಸಾಕು.

ಹನ್ನೊಂದು ಎಂಬ ಸಂಖ್ಯೆಯಲ್ಲಿ ಇನ್ನೊಂದು ತೊಡಕಿದೆ. ಪಂದ್ಯದ ದಿನ ಬೆಳಿಗ್ಗೆ ಮೈದಾನದಲ್ಲಿ ಸುಣ್ಣದ ಗೆರೆ ಒಣಗುವ ಮೊದಲೇ ಮೇಜಿನ ಮೇಲೆ ಚೀಟಿಗಳು ಬೀಳುತ್ತವೆ. ದೈಹಿಕ ಶಿಕ್ಷಕರು ಸುತ್ತ ನಿಂತು ಒಂದೊಂದೇ ಎತ್ತುತ್ತಾರೆ. ನಾಕೌಟ್ ಮಾದರಿಯಲ್ಲಿ ಹನ್ನೊಂದು ತಂಡಗಳನ್ನು ಕೂರಿಸಿದರೆ ಐದು ತಂಡಗಳಿಗೆ ಬೈ, ಅಂದರೆ ಮೊದಲ ಸುತ್ತು ಆಡದೆಯೇ ಮುಂದೆ ಹೋಗುವ ಅವಕಾಶ, ಸಿಗಲೇಬೇಕು. ಉಳಿದ ಆರು ತಂಡಗಳು ಮೊದಲ ಸುತ್ತಿನಲ್ಲಿ ಬಡಿದಾಡುತ್ತವೆ. ಬೈ ಸಿಕ್ಕವರಿಗೆ ಮೂರು ಗೆಲುವು ಸಾಕು, ಸಿಗದವರಿಗೆ ನಾಲ್ಕು ಬೇಕು. ಕಬಡ್ಡಿಯಂಥ ಮೈಮುರಿಯುವ ಆಟದಲ್ಲಿ, ಅದೂ ಒಂದೇ ದಿನ, ಆ ಒಂದು ಹೆಚ್ಚುವರಿ ಪಂದ್ಯ ಸಣ್ಣದಲ್ಲ. ‘ನಮಗೆ ಬೈ ಬಂತು’ ಎಂದು ಒಂದು ಶಾಲೆಯ ಮಕ್ಕಳು ಕುಣಿಯುವಾಗ ಅವರು ಗೆದ್ದದ್ದು ಚೀಟಿಯನ್ನು ಮಾತ್ರ.

ಅಮೆರಿಕದ ಕಾಲೇಜು ಫುಟ್‌ಬಾಲ್‌ನಲ್ಲಿ ಇಂಥದ್ದೇ ಜಗಳ ದಶಕದಿಂದ ನಡೆದಿದೆ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಆ ಆಟದ ಮೇಲಿನ ಹಂತದಲ್ಲಿ 130ಕ್ಕೂ ಹೆಚ್ಚು ಕಾಲೇಜುಗಳಿವೆ. 2014ರಲ್ಲಿ ಅಲ್ಲಿ ನಾಲ್ಕು ತಂಡಗಳ ಪ್ಲೇಆಫ್ ಶುರುವಾಯಿತು. ಆಯ್ಕೆ ಮಾಡುವುದು ಒಂದು ಸಮಿತಿ. 2023ರಲ್ಲಿ ಫ್ಲಾರಿಡಾ ಸ್ಟೇಟ್ ತಂಡ ಆಡಿದ ಹದಿಮೂರೂ ಪಂದ್ಯಗಳನ್ನು ಗೆದ್ದಿತು, ತನ್ನ ಗುಂಪಿನ ಪ್ರಶಸ್ತಿಯನ್ನೂ ಗೆದ್ದಿತು. ಆದರೂ ಮುಖ್ಯ ಆಟಗಾರ ಗಾಯಗೊಂಡಿದ್ದಾನೆ, ತಂಡ ಮೊದಲಿನಷ್ಟು ಬಲವಾಗಿಲ್ಲ ಎಂಬ ಕಾರಣಕ್ಕೆ ಸಮಿತಿ ಅದನ್ನು ಕೈಬಿಟ್ಟು, ಒಂದು ಪಂದ್ಯ ಸೋತಿದ್ದ ಅಲಬಾಮಾವನ್ನು ಒಳಗೆ ಕರೆದುಕೊಂಡಿತು. ಮರುವರ್ಷ ತಂಡಗಳ ಸಂಖ್ಯೆ ಹನ್ನೆರಡಕ್ಕೇರಿತು. ಮೊದಲ ನಾಲ್ವರಿಗೆ ಬೈ ಕೊಟ್ಟರು. ಆ ನಾಲ್ಕೂ ತಂಡಗಳು ತಮ್ಮ ಮೊದಲ ಪಂದ್ಯದಲ್ಲೇ ಸೋತವು, ಎಂಟನೇ ಶ್ರೇಯಾಂಕದ ಒಹಾಯೊ ಸ್ಟೇಟ್ ಚಾಂಪಿಯನ್ ಆಯಿತು. ನಾಲ್ಕೇ ತಂಡಗಳ ಹಳೆಯ ಪದ್ಧತಿ ಇದ್ದಿದ್ದರೆ ಅದು ಬಾಗಿಲ ಹೊರಗೇ ನಿಲ್ಲಬೇಕಿತ್ತು. ಈಗ ಅಲ್ಲಿ 16 ಮಾಡೋಣ, 24 ಮಾಡೋಣ ಎಂಬ ಚರ್ಚೆ ನಡೆದಿದೆ.

ನಮ್ಮ ಶಾಲಾ ಪದ್ಧತಿ ಒಂದು ವಿಷಯದಲ್ಲಿ ಅಮೆರಿಕದ್ದಕ್ಕಿಂತ ಮೇಲು. ಇಲ್ಲಿ ಸಮಿತಿಯ ಮರ್ಜಿ ಇಲ್ಲ. ಗೆದ್ದವರು ಹೋಗುತ್ತಾರೆ, ಸೋತವರು ಬಸ್ ಹತ್ತುತ್ತಾರೆ. ಆದರೆ ಆ ನೇರ ನಿಯಮ ನಿಂತಿರುವ ನಕ್ಷೆಯನ್ನು ಯಾರೂ ಆಟಕ್ಕಾಗಿ ಬರೆದದ್ದಲ್ಲ. ಶಾಲೆಗಳ ಆಡಳಿತದ ಅನುಕೂಲಕ್ಕೆ ಎಳೆದ ಗೆರೆಗಳ ಮೇಲೆ ಕಬಡ್ಡಿ ನಡೆಯುತ್ತಿದೆ.

ಜನಸಂಖ್ಯೆ ಇಟ್ಟು ನೋಡಿದರೆ ಇದು ಢಾಳಾಗಿ ಕಾಣುತ್ತದೆ. 2011ರ ಜನಗಣತಿಯಂತೆ ಮೈಸೂರು ಜಿಲ್ಲೆಯಲ್ಲಿ 30 ಲಕ್ಷ ಜನ, ಒಂದು ತಂಡ. ಉತ್ತರ ಕನ್ನಡದಲ್ಲಿ 14.37 ಲಕ್ಷ, ಎರಡು ತಂಡ. ಕೊಡಗಿನಲ್ಲಿ 5.54 ಲಕ್ಷ, ಒಂದು ತಂಡ. ತುಮಕೂರಿನಲ್ಲಿ 26.78 ಲಕ್ಷ, ಎರಡು ತಂಡ. ಆರು ತಾಲ್ಲೂಕುಗಳ ಚಿತ್ರದುರ್ಗಕ್ಕೆ ಒಂದೇ ಸ್ಥಾನವಿರುವಾಗ ಪಕ್ಕದ ತುಮಕೂರಿಗೇಕೆ ಎರಡು ಎಂದು ಯಾರಾದರೂ ಕೇಳಿದರೆ ಉತ್ತರ ಇಲ್ಲೇ ಇದೆ. ಎರಡಾಗಿ ಒಡೆದ ಮೇಲೂ ತುಮಕೂರಿನ ಒಂದೊಂದು ತಂಡದ ಬೆನ್ನಿಗೆ ಸರಾಸರಿ ಹದಿಮೂರು ಲಕ್ಷ ಜನರಿದ್ದಾರೆ. ಮಧುಗಿರಿಗೆ ಸಿಕ್ಕಿರುವುದು ರಿಯಾಯಿತಿ ಅಲ್ಲ.

ದೂರದ ಮಾತೂ ಇದೆ. ಪಾವಗಡದ ಮೂರು ಕಡೆ ಆಂಧ್ರ. ಅಲ್ಲಿಂದ ತುಮಕೂರಿಗೆ ಸುಮಾರು ನೂರು ಕಿಲೋಮೀಟರ್. ತಿರುಮಣಿಯ ಸೋಲಾರ್ ಪಾರ್ಕ್‌ನಿಂದಾಗಿ ಪಾವಗಡದ ಹೆಸರು ದೇಶಕ್ಕೆಲ್ಲ ಗೊತ್ತಾಯಿತು, ಆದರೆ ಜಿಲ್ಲಾ ಕೇಂದ್ರ ಹತ್ತಿರವಾಗಲಿಲ್ಲ. ಜಿಲ್ಲಾ ಮಟ್ಟದ ಪಂದ್ಯ ಮಧುಗಿರಿಯಲ್ಲಿ ನಡೆದರೆ ಅಲ್ಲಿನ ಹೆಣ್ಣುಮಕ್ಕಳ ತಂಡ ಬೆಳಿಗ್ಗೆ ಹೊರಟು ಕತ್ತಲಾಗುವ ಮೊದಲು ಮನೆ ಸೇರಬಹುದು. ತುಮಕೂರಿನಲ್ಲಾದರೆ ರಾತ್ರಿ ಉಳಿಯುವ ವ್ಯವಸ್ಥೆ, ಜತೆಗೊಬ್ಬ ಶಿಕ್ಷಕಿ, ತಾಯ್ತಂದೆಯರ ಒಪ್ಪಿಗೆ ಎಲ್ಲವೂ ಬೇಕು. ಎಷ್ಟೋ ತಂಡಗಳ ಆಟ ಅಂಕಣಕ್ಕೆ ಇಳಿಯುವ ಮೊದಲೇ ಈ ಒಪ್ಪಿಗೆಯ ಹಂತದಲ್ಲಿ ಮುಗಿದಿರುತ್ತದೆ.

ಹಾಗಾದರೆ ಬಾಗಿಲು ಎಷ್ಟು ಅಗಲ ಮಾಡಬೇಕು? ಅಗಲ ಮಾಡಿದಷ್ಟೂ ಒಳ್ಳೆಯದು ಎನ್ನುವಂತಿಲ್ಲ. 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಕೊಕ್ಕೊ ವಿಶ್ವಕಪ್‌ನಲ್ಲಿ ಪುರುಷರ ವಿಭಾಗಕ್ಕೆ 20, ಮಹಿಳೆಯರ ವಿಭಾಗಕ್ಕೆ 19 ತಂಡಗಳು ಬಂದವು. ಭಾರತದ ಮಹಿಳೆಯರು ದಕ್ಷಿಣ ಕೊರಿಯಾವನ್ನು ಸೋಲಿಸಿದ್ದು 175–18ರಿಂದ. ಆಟವನ್ನು ಹೊರದೇಶಗಳಿಗೆ ಒಯ್ಯುವ ದೃಷ್ಟಿಯಿಂದ ಆ ಪಂದ್ಯಕ್ಕೆ ಅರ್ಥವಿತ್ತು, ಸ್ಪರ್ಧೆಯ ದೃಷ್ಟಿಯಿಂದ ಇರಲಿಲ್ಲ. ಇತ್ತ ಕ್ರಿಕೆಟ್‌ನಲ್ಲಿ ತದ್ವಿರುದ್ಧ. 2007ರ ವಿಶ್ವಕಪ್‌ನಲ್ಲಿ 16 ತಂಡಗಳಿದ್ದವು, ಭಾರತ ಮತ್ತು ಪಾಕಿಸ್ತಾನ ಗುಂಪು ಹಂತದಲ್ಲೇ ಹೊರಬಿದ್ದವು. 2019ರ ಹೊತ್ತಿಗೆ ತಂಡಗಳು ಹತ್ತಕ್ಕಿಳಿದು, ಎಲ್ಲರೂ ಎಲ್ಲರೊಡನೆ ಆಡುವ ಮಾದರಿ ಬಂತು. ಭಾರತಕ್ಕೆ ಕನಿಷ್ಠ ಒಂಬತ್ತು ಪಂದ್ಯ ಖಾತ್ರಿಯಾಯಿತು. ಪಾಕಿಸ್ತಾನವನ್ನು ಮನೆಗೆ ಕಳಿಸಿದ್ದ ಐರ್ಲೆಂಡ್‌ಗೆ ಜಾಗವೇ ಇಲ್ಲವಾಯಿತು.

ವೃತ್ತಿಪರ ಲೀಗ್‌ಗಳಲ್ಲಿ ಸಂಖ್ಯೆ ಹಿಗ್ಗುವುದು ಟಿವಿಗಾಗಿ. ಪ್ರೊ ಕಬಡ್ಡಿಯಲ್ಲಿ ಹನ್ನೆರಡು ತಂಡಗಳ ಪೈಕಿ ಆರಕ್ಕೆ ಮುಂದಿನ ಹಂತ ಎಂಬ ನಿಯಮವಿತ್ತು, 2025ರ ಆವೃತ್ತಿಯಲ್ಲಿ ಅದು ಎಂಟಾಯಿತು. ಕೊನೆಯ ವಾರದವರೆಗೂ ಹೆಚ್ಚು ಊರುಗಳ ಅಭಿಮಾನಿಗಳು ಕಣ್ಣು ಕೀಳದಿರಲಿ ಎಂಬ ಲೆಕ್ಕ ಅದು. ಶಾಲಾ ಕ್ರೀಡಾಕೂಟಕ್ಕೆ ಜಾಹೀರಾತೂ ಇಲ್ಲ, ಟಿಕೆಟ್ಟೂ ಇಲ್ಲ. ಅದರ ಉದ್ದೇಶ ಎರಡೇ: ಹೆಚ್ಚು ಮಕ್ಕಳನ್ನು ಆಡಿಸುವುದು, ಆಡಿದವರಲ್ಲಿ ಪ್ರತಿಭೆ ಗುರುತಿಸುವುದು. ರಾಷ್ಟ್ರೀಯ ಶಾಲಾ ಕೂಟಕ್ಕೆ ಹೋಗುವ ರಾಜ್ಯ ತಂಡದ ಆಯ್ಕೆ ನಡೆಯುವುದೂ ಈ ಕೂಟಗಳ ಮೂಲಕವೇ. ನಾಲ್ಕು ತಂಡಗಳ ರಾಜ್ಯ ಮಟ್ಟ ಇವೆರಡರಲ್ಲಿ ಯಾವುದನ್ನೂ ನೆಟ್ಟಗೆ ಮಾಡುವುದಿಲ್ಲ.

ಪಂದ್ಯಗಳ ಎಣಿಕೆಯನ್ನೇ ನೋಡಿ. 2024–25ರ ರಣಜಿ ಋತುವಿನಲ್ಲಿ ಕರ್ನಾಟಕ ಕ್ವಾರ್ಟರ್‌ಫೈನಲ್ ತಲುಪಲಿಲ್ಲ. ಗುಂಪಿನ ಎಂಟು ತಂಡಗಳಲ್ಲಿ ಮೊದಲೆರಡಕ್ಕೆ ಮಾತ್ರ ಅವಕಾಶ, ಅದು ಹರಿಯಾಣ ಮತ್ತು ಕೇರಳದ ಪಾಲಾಯಿತು. ಅಭಿಮಾನಿಗಳಿಗೆ ಬೇಸರವಾಯಿತು ನಿಜ, ಅನ್ಯಾಯವಾಯಿತು ಎಂದು ಯಾರೂ ಹೇಳಲಿಲ್ಲ. ಏಳು ಪಂದ್ಯ ಆಡಿದ ಮೇಲೆ ಬಂದ ತೀರ್ಪು ಅದು. ಅದೇ ಮಧುಗಿರಿಯ ಜಿಲ್ಲಾ ಕಣದಲ್ಲಿ ನಾಲ್ಕು ತಾಲ್ಲೂಕುಗಳು ನಾಕೌಟ್ ಆಡಿದರೆ ಒಟ್ಟು ಪಂದ್ಯ ಮೂರು. ಎರಡು ತಾಲ್ಲೂಕುಗಳು ಒಂದೇ ಪಂದ್ಯ ಆಡಿ ವಾಪಸ್. ತಾಲ್ಲೂಕು ಗೆಲ್ಲಲು ವಾರಗಟ್ಟಲೆ ಬೆವರು ಸುರಿಸಿದ ಹುಡುಗಿಯರ ವರ್ಷದ ಕಬಡ್ಡಿ ನಲವತ್ತು ನಿಮಿಷದೊಳಗೆ ಮುಗಿದುಹೋಗುತ್ತದೆ.

ನಾಲ್ಕು ತಂಡಗಳು ಲೀಗ್ ಆಡಲು ಬೇಕಾದದ್ದು ಆರು ಪಂದ್ಯ. ಪ್ರತಿ ತಂಡಕ್ಕೂ ಮೂರು ಪಂದ್ಯ ಸಿಗುತ್ತದೆ. ಎರಡು ಅಂಕಣ ಹಾಕಿದರೆ ಒಂದು ವರ್ಗದ ಕಬಡ್ಡಿ ಅರ್ಧ ದಿನದಲ್ಲಿ ಮುಗಿಯುವ ಕೆಲಸ. ಬಾಲಕ, ಬಾಲಕಿಯರು, ಹದಿನಾಲ್ಕು ಮತ್ತು ಹದಿನೇಳರೊಳಗಿನವರು, ಜತೆಗೆ ಉಳಿದ ಆಟಗಳು ಎಂದಾಗ ಒಂದು ದಿನ ಸಾಲದು, ಎರಡು ಬೇಕಾಗುತ್ತದೆ. ಆ ಎರಡನೇ ದಿನದ ಊಟ, ಬಸ್ ಚಾರ್ಜು ಮತ್ತು ತಪ್ಪಿಹೋಗುವ ಪಾಠ, ಇವಿಷ್ಟೇ ಇದರ ನಿಜವಾದ ಖರ್ಚು. ಮೂರು ಪಂದ್ಯಗಳಲ್ಲಿ ಒಬ್ಬ ರೈಡರ್‌ನ ಕಾಲ್ಚಳಕ ಕಾಣುವಷ್ಟು ಒಂದರಲ್ಲಿ ಕಾಣುವುದಿಲ್ಲ ಎಂಬುದನ್ನು ಯಾವ ತರಬೇತುದಾರರೂ ಅಲ್ಲಗಳೆಯಲಾರರು.

ವಿಭಾಗ ಮಟ್ಟದಲ್ಲೂ ಇದು ಅಸಾಧ್ಯವಲ್ಲ. ಹನ್ನೊಂದು ತಂಡಗಳನ್ನು ಮೂರು ಮೂರರ ಮೂರು ಗುಂಪು, ಎರಡರ ಒಂದು ಗುಂಪು ಮಾಡಿ, ಇಬ್ಬರೇ ಇರುವ ಗುಂಪಿನವರು ಪರಸ್ಪರ ಎರಡು ಸಲ ಆಡಲಿ. ಸೆಮಿಫೈನಲ್, ಫೈನಲ್ ಸೇರಿ ಹದಿನಾಲ್ಕು ಪಂದ್ಯ. ಈಗಿನ ನಾಕೌಟ್‌ಗೆ ಬೇಕಾದದ್ದು ಹತ್ತು. ನಾಲ್ಕು ಪಂದ್ಯ ಹೆಚ್ಚಿಗೆ ಆಡಿಸಿದರೆ ಬೈ ಎಂಬ ಲಾಟರಿ ಇಲ್ಲವಾಗುತ್ತದೆ, ಎಲ್ಲರಿಗೂ ಕನಿಷ್ಠ ಎರಡು ಪಂದ್ಯ ದಕ್ಕುತ್ತದೆ.

ರಾಜ್ಯ ಮಟ್ಟಕ್ಕೆ ಎಂಟು ತಂಡ ಸರಿಯಾದ ಸಂಖ್ಯೆ. ಪ್ರತಿ ವಿಭಾಗದಿಂದ ವಿಜೇತರ ಜತೆ ರನ್ನರ್ಸ್ ಅಪ್ ತಂಡವೂ ಬರಲಿ. ನಾಲ್ಕು ನಾಲ್ಕರ ಎರಡು ಗುಂಪು ಮಾಡಿ, ಒಂದೇ ವಿಭಾಗದ ಇಬ್ಬರನ್ನು ಬೇರೆ ಬೇರೆ ಗುಂಪಿಗೆ ಹಾಕಿದರೆ ಅವರು ಮತ್ತೆ ಎದುರಾಗುವುದು ಸೆಮಿಫೈನಲ್‌ನಲ್ಲೋ ಫೈನಲ್‌ನಲ್ಲೋ ಮಾತ್ರ. ಕಬಡ್ಡಿಗೆ ತಂಡಕ್ಕೆ ಹನ್ನೆರಡು ಮಕ್ಕಳೆಂದರೂ ಹೆಚ್ಚಾಗುವುದು 48 ಮಕ್ಕಳು. ‘ಸೋತವರಿಗೆ ಮತ್ತೊಂದು ಅವಕಾಶ ಯಾಕೆ’ ಎಂಬ ಆಕ್ಷೇಪಕ್ಕೆ ರಣಜಿಯ ರಾಜಸ್ಥಾನವೇ ಉತ್ತರ. 2010–11ರಲ್ಲಿ ಆ ತಂಡ ಕೆಳಹಂತವಾದ ಪ್ಲೇಟ್ ಗುಂಪಿನಲ್ಲಿತ್ತು. ಹೈದರಾಬಾದ್ ತಂಡವನ್ನು 21 ರನ್‌ಗೆ ಉರುಳಿಸಿ ಶುರು ಮಾಡಿದ ಅದು, ಪ್ಲೇಟ್‌ನವರಿಗೂ ನಾಕೌಟ್‌ನಲ್ಲಿ ಜಾಗ ಕೊಡುವ ನಿಯಮದ ದೆಸೆಯಿಂದ ಮುಂದೆ ಹೋಗಿ ಟ್ರೋಫಿಯನ್ನೇ ಎತ್ತಿತು. ಮರುವರ್ಷವೂ ಗೆದ್ದು, ಮೊದಲನೆಯದು ಆಕಸ್ಮಿಕವಲ್ಲ ಎಂದು ತೋರಿಸಿತು.

35 ಜಿಲ್ಲೆಗಳನ್ನೂ ನೇರವಾಗಿ ರಾಜ್ಯ ಮಟ್ಟಕ್ಕೆ ಕರೆಯಬಾರದೇಕೆ ಎಂದೂ ಕೇಳಬಹುದು. ಪದವಿಪೂರ್ವ ಹಂತದಲ್ಲಿ ಜಿಲ್ಲಾ ತಂಡಗಳು ವಿಭಾಗದ ಮೆಟ್ಟಿಲಿಲ್ಲದೆ ರಾಜ್ಯ ಕಣಕ್ಕೆ ಬರುತ್ತವೆ. ಆತಿಥ್ಯ ವಹಿಸಿದ ಊರಿಗೆ ಅದು ಜಾತ್ರೆಯ ಸಂಭ್ರಮ. ಆದರೆ ಅಷ್ಟು ತಂಡಗಳನ್ನು ಎರಡು ಮೂರು ದಿನದಲ್ಲಿ ಮುಗಿಸಲು ನಾಕೌಟ್ ಬಿಟ್ಟರೆ ಗತಿಯಿಲ್ಲ. ಬೀದರ್‌ನಿಂದ ರಾತ್ರಿಯೆಲ್ಲ ಪ್ರಯಾಣ ಮಾಡಿ ಬಂದ ತಂಡ ಒಂದು ಪಂದ್ಯ ಸೋತು ಮರಳುವುದು ಅಲ್ಲಿ ಮಾಮೂಲು.

ಮಧುಗಿರಿ ಭಾಗದ ಮಕ್ಕಳಿಗೆ ಪದವಿಪೂರ್ವ ಹಂತದಲ್ಲಿ ಇನ್ನೊಂದು ಹೊಡೆತ ಕಾದಿರುತ್ತದೆ. ಪಿಯು ಲೆಕ್ಕದಲ್ಲಿ ಜಿಲ್ಲೆಗಳು 32. ಆ ಪಟ್ಟಿಯಲ್ಲಿ ಚಿಕ್ಕೋಡಿಗೆ ಜಾಗವಿದೆ, ಶಿರಸಿಗೂ ಮಧುಗಿರಿಗೂ ಇಲ್ಲ. ಹತ್ತನೇ ತರಗತಿಯಲ್ಲಿ ಮಧುಗಿರಿ ಜಿಲ್ಲೆಯ ಬಿಬ್ ತೊಟ್ಟಿದ್ದ ಪಾವಗಡದ ಹುಡುಗಿ, ಮರುವರ್ಷ ಕಾಲೇಜು ಸೇರಿದ ಕೂಡಲೇ ಹತ್ತು ತಾಲ್ಲೂಕುಗಳ ತುಮಕೂರು ಜಿಲ್ಲೆಯ ಪೈಪೋಟಿಗೆ ಬೀಳುತ್ತಾಳೆ. ಮೂರು ಪ್ರತಿಸ್ಪರ್ಧಿ ತಾಲ್ಲೂಕುಗಳಿದ್ದ ಕಡೆ ಒಂಬತ್ತಾಗುತ್ತವೆ, ಪಂದ್ಯದ ಊರು ನೂರು ಕಿಲೋಮೀಟರ್ ದೂರಕ್ಕೆ ಸರಿಯುತ್ತದೆ. ಆಟ ಬಿಡುವ ವಯಸ್ಸೂ ಅದೇ.

ಮಧುಗಿರಿಯನ್ನು ಕಂದಾಯ ಜಿಲ್ಲೆ ಮಾಡಬೇಕೆಂಬ ಬೇಡಿಕೆ ರಾಜಕೀಯದ ಮಾತು, ಅದು ಯಾವಾಗ ಇತ್ಯರ್ಥವಾದೀತೋ ಹೇಳಲಾಗದು. ಪಿಯು ಕ್ರೀಡಾಕೂಟಕ್ಕೆ ಅದಕ್ಕಾಗಿ ಕಾಯುವ ಅಗತ್ಯವಿಲ್ಲ. ಚಿಕ್ಕೋಡಿಗೆ ಅನ್ವಯವಾದ ತರ್ಕವನ್ನೇ ಈ ನಾಲ್ಕು ತಾಲ್ಲೂಕುಗಳಿಗೂ ಶಿರಸಿಗೂ ಅನ್ವಯಿಸಿ, ಪ್ರೌಢಶಾಲೆಯ ನಕ್ಷೆಯನ್ನೇ ಕಾಲೇಜಿಗೂ ಮುಂದುವರಿಸಲು ಒಂದು ಸುತ್ತೋಲೆ ಸಾಕು. ಹಾಗೆ ಹೆಚ್ಚಾಗುವ ತಂಡಗಳಿಗೆ ಜಾಗವಾಗಲು ಪಿಯು ಕೂಟಕ್ಕೂ ವಿಭಾಗದ ಸುತ್ತೊಂದನ್ನು ತರಬಹುದು. ಆಗ ಎರಡೂ ಹಂತಗಳಲ್ಲಿ ನಾಲ್ಕು ವಿಭಾಗ, ಎಂಟು ತಂಡ, ಗುಂಪು ಹಂತದ ಹನ್ನೆರಡು ಪಂದ್ಯ, ಎರಡು ಸೆಮಿಫೈನಲ್, ಒಂದು ಫೈನಲ್ ಎಂಬ ಒಂದೇ ಮಾದರಿ ಇರುತ್ತದೆ. ಕೂಟಗಳ ವೇಳಾಪಟ್ಟಿ ಹೊರಡುವ ಮುನ್ನ ನಾಲ್ಕು ತಾಲ್ಲೂಕುಗಳ ದೈಹಿಕ ಶಿಕ್ಷಕರನ್ನು ಮಧುಗಿರಿಗೆ ಕರೆದು, ಜಿಲ್ಲಾ ಮಟ್ಟದ ಕಬಡ್ಡಿಯೊಂದನ್ನು ಲೀಗ್ ಮಾದರಿಯಲ್ಲಿ ನಡೆಸಿ ನೋಡುವುದಕ್ಕಂತೂ ಬೆಂಗಳೂರಿನ ಅನುಮತಿಗಿಂತ ಎರಡನೇ ದಿನದ ಮಧ್ಯಾಹ್ನದ ಊಟದ ಏರ್ಪಾಡು ಮುಖ್ಯ.