ಹಳೆಯ ಕೋವಿಗೆ ಬೆಲೆ ಕಟ್ಟುವವರು ಯಾರು?

ಶಿರಸಿ, ಸಿದ್ದಾಪುರ, ಯಲ್ಲಾಪುರದ ಎಷ್ಟೋ ರೈತರು ಬೆಳೆ ಕಾಯಲು ಪರವಾನಗಿಯ ಕೋವಿ ಇಟ್ಟುಕೊಂಡಿದ್ದಾರೆ. ಯಜಮಾನ ತೀರಿಕೊಂಡಾಗ, ಗಿರಣಿ ಸೇರಿದ ಮಗನಿಗೆ ಪರವಾನಗಿಯಿಲ್ಲ. ಕೋವಿಯನ್ನು ಠಾಣೆಗೋ ಅಧಿಕೃತ ವ್ಯಾಪಾರಿಗೋ ಒಪ್ಪಿಸಬೇಕು. ಆ ಅವಸರದಲ್ಲಿ ಕೊಳ್ಳುವವನು ಹೇಳಿದ್ದೇ ಬೆಲೆ! ಅಡಿಕೆಗಾದರೆ ಟೆಂಡರುಂಟು, ಕೋವಿಗೆ ಪರವಾನಗಿಯುಳ್ಳವನೊಬ್ಬನೇ ಗಿರಾಕಿ.

ಆದರೆ ಒಪ್ಪಿಸಿದ ಮಾತ್ರಕ್ಕೆ ಹಕ್ಕು ಹೋಗದು. 1959ರ ಶಸ್ತ್ರಾಸ್ತ್ರ ಕಾಯ್ದೆಯ 21ನೇ ಕಲಮಿನಂತೆ ಗಡುವಿನೊಳಗೆ ಅದನ್ನು ಅರ್ಹರಿಗೆ ಮಾರಿ ಹಣ ಪಡೆಯುವ ಹಕ್ಕು ವಾರಸುದಾರರದು. ಗಡುವು ಮೀರಿದರೆ ಮುಟ್ಟುಗೋಲು. ನಳಿಗೆಯೊಳಗೆ ತುಕ್ಕು ತಿಂದಿದೆಯೇ, ಕೀಲು ಸಡಿಲವೇ, ನಂಬರು ಪರವಾನಗಿಗೆ ತಾಳೆಯಾಗುತ್ತದೆಯೇ ಎಂದು ಬಲ್ಲವರಿಂದ ನೋಡಿಸಿ. ಇಬ್ಬರು ಮೂವರಲ್ಲಿ ಬೆಲೆ ಕೇಳಿ. (ಅಜ್ಜನ ಬೇಟೆಯ ಕತೆಗೆ ಯಾರೂ ಕಾಸು ಕೊಡರು.)

ಈ ಹಕ್ಕನ್ನೂ ಗಡುವನ್ನೂ ಠಾಣೆಯ ರಶೀದಿಯಲ್ಲೇ ಕನ್ನಡದಲ್ಲಿ ಬರೆದುಕೊಡಬೇಕೆಂದು ನಾವು ಜಿಲ್ಲಾಡಳಿತವನ್ನು ಒತ್ತಾಯಿಸುತ್ತೇವೆ.