ಕೋಲ್ಮಾರಿನಾಗ ಒಂದೇ ದಿನ ಇದ್ರ

ಫ್ರಾನ್ಸಿನ ಕೋಲ್ಮಾರಿಗೆ ಹೋಗಿ ಬಂದವರು ತೋರಿಸೋ ಫೋಟೋ ಎಲ್ಲಾ ಒಂದೇ ಥರಾ ಇರತಾವ. ಒಂದು ಕಾಲುವಿ, ಅದರ ದಂಡಿಗೆ ಕೆಂಪು, ಹಳದಿ, ನೀಲಿ ಬಣ್ಣದ ಕಟ್ಟಿಗಿ ಚೌಕಟ್ಟಿನ ಮನಿಗಳು, ಕಿಡಕಿ ತುಂಬ ಹೂವು, ಸೇತುವಿ ಮ್ಯಾಲೆ ನಮ್ಮ ಮಂದಿ. ಛಂದನೇ ಅದ, ಇಲ್ಲ ಅನ್ನಂಗಿಲ್ಲ. ಜರ್ಮನಿ ಗಡಿ ಹತ್ತರದ ಹಳೇ ಊರದು. ಸ್ಟ್ರಾಸ್‌ಬರ್ಗಿನಿಂದ ರೈಲಿನಾಗ ಅರ್ಧಾ ತಾಸು. 1537ರಾಗ ಕಟ್ಟಿದ ಫಿಸ್ಟರ್ ಮನಿ, ಅಮೆರಿಕದ ಸ್ವಾತಂತ್ರ್ಯದೇವಿ ಮೂರ್ತಿ ಮಾಡಿದ ಬಾರ್ತೋಲ್ಡಿ ಹುಟ್ಟಿದ ಮನಿ, ಎಲ್ಲಾ ನಡಕೋತನೇ ನೋಡಬಹುದು.

ಆದ್ರ ಒಂದೇ ದಿನ ಇದ್ರ ಸೇತುವಿಗೆ ಆಮ್ಯಾಲೆ ಹೋಗ್ರಿ ಅಂತೀನಿ ನಾ. ಮುಂಜಾನೆ ಕಾಲಾಗ ಶಕ್ತಿ ಇದ್ದಾಗ ಉಂಟರ್‌ಲಿಂಡನ್ ಮ್ಯೂಜಿಯಂ ನೋಡ್ರಿ. ಹಿಂದ ಅದು ಸನ್ಯಾಸಿನಿಯರ ಮಠ ಆಗಿತ್ತು. ಈಗ ಅಲ್ಲೆ ಗ್ರೂನೆವಾಲ್ಡ್ ಅನ್ನೋ ಚಿತ್ರಕಾರ 1512ರಿಂದ 1516ರ ಹೊತ್ತಿಗೆ ಬರದ ದೊಡ್ಡ ದೊಡ್ಡ ಹಲಗಿ ಚಿತ್ರ ಅವ. ಶಿಲುಬಿ ಮ್ಯಾಲಿನ ಏಸುವಿನ ಮೈ ಹಸರು ತಿರಗೇದ, ಮೈತುಂಬ ಗಾಯ, ಕೈಬೆರಳು ಸೆಟದು ನಿಂತಾವ. ದೇವರನ್ನ ಹಿಂಗ್ಯಾಕ ಬರದಾರ ಅಂತ ಯಾರಿಗರೆ ಅನಸತದ.

ಕಾರಣ ಹಿಟ್ಟಿನ ಡಬ್ಬಿಯೊಳಗ ಅದ. ಆ ಕಾಲದಾಗ ಬಡವರು ರೈ ಅನ್ನೋ ಧಾನ್ಯದ ರೊಟ್ಟಿ ತಿಂತಿದ್ರು. ಮಳಿ, ಥಂಡಿ ಹೆಚ್ಚಾದ ವರ್ಷ ಅದರ ತೆನಿಗೆ ಬೂಷ್ಟು ಹತ್ತಿ, ಕಾಳಿದ್ದಲ್ಲೆ ಕರೀ ಕೊಂಬಿನಂಥಾದ್ದು ಬೆಳೀತಿತ್ತು. ಅದು ಕಾಳಿನ ಜೋಡಿ ಬೀಸಿ ಹೊಟ್ಟಿಗೆ ಹೋದ್ರ ಕೈಕಾಲು ಬೆಂಕಿ ಹತ್ತಿದಂಗ ಉರದು, ಕರ್ರಗಾಗಿ ಉದರಿ ಬೀಳೋವು. ಸಂತ ಆಂಟನಿಯ ಬೆಂಕಿ ಅಂತ ಆ ಬ್ಯಾನಿಗೆ ಹೆಸರು. ಹತ್ತರದ ಇಸೆನ್‌ಹೈಮ್ ಊರಿನ ಮಠದಾಗ ಇಂಥಾ ರೋಗಿಗಳಿಗೆ ದವಾಖಾನಿ ಇತ್ತು. ಈ ಚಿತ್ರ ಬರದದ್ದು ಅಲ್ಲಿಗೇ. ಅಲ್ಲಿ ಸನ್ಯಾಸಿಗಳು ಮುಲಾಮು ಹಚ್ಚತಿದ್ರು, ಛೊಲೋ ರೊಟ್ಟಿ ಉಣಸತಿದ್ರು. ಖರೇ ಔಷಧ ಆ ಛೊಲೋ ರೊಟ್ಟಿನೇ ಆಗಿತ್ತು. ಅದೇ ಜಾತಿ ಚಿತ್ರದಾಗ ಒಂದು ಮೂಲ್ಯಾಗ ಹೊಟ್ಟಿ ಉಬ್ಬಿ, ಮೈಯೆಲ್ಲಾ ಹುಣ್ಣಾದಾಂವ ಒಬ್ಬ ಬಿದ್ದಾನ. ರೋಗಿ ತನ್ನ ಬ್ಯಾನಿನ ಅಲ್ಲಿ ಕಾಣಬೇಕು, ದೇವರೂ ನನ್ನಂಗ ನರಳ್ಯಾನ ಅಂತ ಸಮಾಧಾನ ಪಡಬೇಕು.

ಪ್ರವಾಸಕ್ಕ ಹೋದಲ್ಲೂ ರೋಗ, ಹುಣ್ಣು ಯಾಕ್ ನೋಡಬೇಕು ಅಂತ ಕೇಳ್ತೀರಿ. ನಾವು ಹೆಣ್ಮಕ್ಕಳು ನೋಡಲೇಬೇಕು. ಮರಾ ಹಿಡದು ಕಾಳು ಆರಿಸೋದನ್ನ ಎಲ್ಲಾರೂ ಹೊತ್ತು ಹೋಗದವರ ಕೆಲಸಾ ಅಂತಾರ. ನಮ್ಮ ಸಜ್ಜಿಗೂ ಇದೇ ಜಾತಿ ರೋಗ ಬರತದ. ಉಪ್ಪುನೀರಿನಾಗ ಹಾಕಿದ್ರ ಕೆಟ್ಟದ್ದು ಮ್ಯಾಲೆ ತೇಲತದ, ಅದನ್ನ ತಗದು ಚೆಲ್ಲತಾರ. ಆರಿಸಲಾರದ ಹಿಟ್ಟು ಏನು ಮಾಡತದ ಅಂತ ಆ ಗ್ವಾಡಿ ಮುಂದ ನಿಂತ್ರ ತಿಳೀತದ. ಅರಮನಿ, ಕೋಟಿ ನೋಡಿದಾಗ ರಾಜರ ಕಥಿ ತಿಳೀತದ, ಇಲ್ಲೆ ಅಡಗಿಮನಿ ಕಥಿ ಅದ.

ಮಂಗಳವಾರ ಮ್ಯೂಜಿಯಂ ಬಂದ್ ಇರತದ, ನೆನಪಿಡ್ರಿ. ಒಂದೂವರಿ ತಾಸು ಅದಕ್ಕ ಕೊಡ್ರಿ. ಕಾಲುವಿ ಎಲ್ಲೂ ಓಡಿ ಹೋಗಂಗಿಲ್ಲ, ಅದಕ್ಕ ತಿಕೀಟೂ ಇಲ್ಲ. ಸಂಜಿಗೆ ಸಾವಕಾಶ ಹೋಗ್ರಿ.