ಬೆಟ್ಟಕ್ಕೂ ಬೇಕು ಬಿಡುವಿನ ಬೆಳಗು

ಆಲ್ಪ್ಸ್ ಪರ್ವತದಲ್ಲಿ 2,750 ಮೀಟರಿಗೂ ಎತ್ತರದ ಸ್ಟೆಲ್ವಿಯೊ ಘಾಟಿ ರಸ್ತೆಯನ್ನು ವರ್ಷಕ್ಕೊಂದು ದಿನ ಮೋಟಾರು ವಾಹನಗಳಿಗೆ ಮುಚ್ಚಿ, ಸೈಕಲ್ ಸವಾರರಿಗೆ ಬಿಟ್ಟುಕೊಡುತ್ತಾರೆ. ಮೈಸೂರಿನ ಚಾಮುಂಡಿಬೆಟ್ಟದಲ್ಲಿಯಾದರೋ, ಮುಂಜಾನೆ ಸೈಕಲ್ ಏರುವವರು ಕಾರುಗಳಿಗೆ ಹೆದರಿ ಅಂಚಿಗೆ ಸರಿಯಬೇಕು.

2017ರಲ್ಲಿ ‘ಟ್ರಿಣ್ ಟ್ರಿಣ್’ ಬಾಡಿಗೆ ಸೈಕಲ್ಲುಗಳನ್ನು ತಂದ ನಗರವಿದು. ಆದರೆ ಸೈಕಲ್ ಕೊಟ್ಟರೆ ಸಾಲದು, ರಸ್ತೆಯಲ್ಲಿ ಪಾಲೂ ಬೇಕು. 2021ರ ಮಳೆಗೆ ನಂದಿ ವಿಗ್ರಹದ ಬಳಿಯ ರಸ್ತೆ ಕುಸಿದದ್ದು, ಬೆಟ್ಟದ ತಾಳಿಕೆಗೂ ಮಿತಿಯುಂಟೆಂದು ನೆನಪಿಸಿತು.

ವೃದ್ಧ ಭಕ್ತರ ಪಾಡೇನೆಂಬ ಆಕ್ಷೇಪ ನ್ಯಾಯವಾದುದೇ. ಆದರೆ ಆಷಾಢ ಶುಕ್ರವಾರಗಳಂದು ಖಾಸಗಿ ವಾಹನಗಳನ್ನು ತಡೆದು, ಬಸ್ಸುಗಳಲ್ಲಿ ಭಕ್ತರನ್ನು ಕರೆದೊಯ್ದ ಅನುಭವ ಜಿಲ್ಲಾಡಳಿತಕ್ಕಿದೆ. ಆಡಳಿತದಲ್ಲಿದ್ದ ನಾನು ಬಲ್ಲೆ: ಒಮ್ಮೆ ಮಾಡಿ ತೋರಿಸಿದ್ದನ್ನು ಅಸಾಧ್ಯವೆನ್ನಲಾಗದು. ಜನಸಂದಣಿಗಾಗಿ ಕೈಗೊಂಡ ಕ್ರಮವನ್ನು ತಿಂಗಳಿಗೊಂದು ಭಾನುವಾರದ ಬೆಳಗಿನಲ್ಲಿ ಬೆಟ್ಟಕ್ಕಾಗಿಯೂ ಕೈಗೊಳ್ಳಬಾರದೇಕೆ?